ಹೊದಿಕೆಯೂ ಗ್ರಂಥವೂ

ಹೊದಿಕೆಯನ್ನು ನೋಡಿ ಗ್ರಂಥದ ಬೆಲೆ ಕಟ್ಟಬಾರದೆಂಬ ನುಡಿಯೊಂದು ಆಂಗ್ಲ ಭಾಷೆಯಲ್ಲಿ ರೂಢಿಯಾಗಿದೆ. ನಮ್ಮ ಹಿರಿಯರ ತಾಳೆಯೋಲೆಗಳಿಗೆ ಈ ಎಚ್ಚರಿಕೆಯ ಅಗತ್ಯವೇ ಇರಲಿಲ್ಲ. ಎರಡು ಮರದ ಹಲಗೆ, ನಡುವೆ ಓಲೆ, ಪೋಣಿಸಿದ ದಾರ, ಮೇಲೊಂದು ವಸ್ತ್ರ. ನ್ಯಾಯಸುಧೆಯ ಕಟ್ಟಿಗೂ ಮನೆಮದ್ದಿನ ಕಟ್ಟಿಗೂ ಹೊರಗಿನಿಂದ ಭೇದ ತಿಳಿಯದು. ಬಿಚ್ಚಿ ಓದದೆ ಗತಿಯಿಲ್ಲ.

ಹರಕು ಬಟ್ಟೆಯವನಲ್ಲಿ ಗುಣ ಕಂಡಾಗ ಜನರು ಈ ನುಡಿಯನ್ನು ಆಡುತ್ತಾರೆ. ಜರಿಪಂಚೆಯವರ ವಿಷಯದಲ್ಲಿ ಆಡುವುದು ಕಡಿಮೆ. ಅಲ್ಲಿಗೆ ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ನಮ್ಮ ಗಾದೆಯೇ ಬೇಕು.

ಹಾಗಾದರೆ ತೋರುವುದೆಲ್ಲ ಸುಳ್ಳೇ? ಹಾಗೆಂದರೆ ಶ್ರೀಮದಾಚಾರ್ಯರ ಸಿದ್ಧಾಂತಕ್ಕೆ ವಿರೋಧ ಬಂದೀತು. ಅವರಿಗೆ ಪ್ರತ್ಯಕ್ಷವು ಪ್ರಮಾಣ. ಚಿಪ್ಪನ್ನು ಬೆಳ್ಳಿಯೆಂದು ಭ್ರಮಿಸುವ ಪ್ರಸಿದ್ಧ ದೃಷ್ಟಾಂತವನ್ನೇ ವಿಚಾರಿಸೋಣ. ಚಿಪ್ಪು ಸತ್ಯ, ಅದರ ಹೊಳಪೂ ಸತ್ಯ. ಅಲ್ಲಿಲ್ಲದ ಬೆಳ್ಳಿಯನ್ನು ಇದೆಯೆಂದು ತಿಳಿದದ್ದು ಭ್ರಮೆ. ದೋಷವು ಚಿಪ್ಪಿನದಲ್ಲ, ದೂರದಿಂದ ನೋಡಿ ಅವಸರದಲ್ಲಿ ನಿರ್ಣಯಿಸಿದವನದು. ಹಾಗೆಯೇ ಹೆಗಲ ಮೇಲಿನ ಕಂಬಳಿ ಸತ್ಯ. ಹೊದ್ದವನಿಗೆ ಜ್ಞಾನವಿಲ್ಲವೆಂಬುದು ನಾವು ಕೂಡಿಸಿದ್ದು. ಗೋಪೀಚಂದನವೂ ಸತ್ಯ; ಧರಿಸಿದವನು ಭಕ್ತನೇ ಸರಿ ಎಂಬುದು ಅನುಮಾನ, ಅದೂ ವ್ಯಾಪ್ತಿಯಿಲ್ಲದ ಅನುಮಾನ. ಹೊಟ್ಟೆಪಾಡಿಗಾಗಿ ಮಾಡುವ ಆಡಂಬರದ ಪೂಜೆಯನ್ನು ಪುರಂದರದಾಸರು ಹಾಡಿನಲ್ಲಿಯೇ ಹಳಿದಿದ್ದಾರಷ್ಟೆ.

ನಮ್ಮ ಜಿಲ್ಲೆಯ ಹಂಪೆಯು ರಾಜಧಾನಿಯಾಗಿದ್ದ ಕಾಲದಲ್ಲಿ ಶ್ರೀ ವ್ಯಾಸರಾಜರು ಕನಕದಾಸರನ್ನು ಆದರಿಸಿದಾಗ ಇತರ ಶಿಷ್ಯರು ಮುಖ ಸಿಂಡರಿಸಿದರೆಂದು ಐತಿಹ್ಯವಿದೆ. ಯಾರೂ ಕಾಣದ ಕಡೆ ತಿಂದು ಬನ್ನಿರೆಂದು ಗುರುಗಳು ಎಲ್ಲರಿಗೂ ಬಾಳೆಹಣ್ಣು ಕೊಟ್ಟರಂತೆ. ದೇವರು ಕಾಣದ ಸ್ಥಳ ದೊರೆಯಲಿಲ್ಲವೆಂದು ಕನಕರೊಬ್ಬರೇ ಹಣ್ಣನ್ನು ಹಿಂದಕ್ಕೆ ತಂದರಂತೆ. ಕಥೆ ಕೇಳಿ ನಾವು ಆ ಶಿಷ್ಯರನ್ನು ನಗುತ್ತೇವೆ. ಅವರು ದುಷ್ಟರಲ್ಲ, ಓದಿದವರು. (ಓದಿದವರಿಗೇ ಈ ಅವಸರ ಹೆಚ್ಚೆಂದು ತೋರುತ್ತದೆ.) ತರ್ಕತಾಂಡವವನ್ನು ರಚಿಸಿದ ಯತಿಗಳು ಅವರೊಡನೆ ವಾದಕ್ಕಿಳಿಯಲಿಲ್ಲ, ಪರೀಕ್ಷೆಯನ್ನು ಏರ್ಪಡಿಸಿದರು.

ಆರಾಧನೆಯ ದಿನ ಬಾಗಿಲಲ್ಲಿ ನಿಂತವರಿಗೆ ಪರೀಕ್ಷೆಗೆ ವೇಳೆಯೆಲ್ಲಿ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಪರೀಕ್ಷೆಗೆ ವೇಳೆಯಿಲ್ಲದವರಿಗೆ ನಿರ್ಣಯದ ಅಧಿಕಾರವೂ ಇಲ್ಲ. ಕಾರಿನಿಂದ ಇಳಿದವರಿಗೆ ‘ದಯಮಾಡಿಸಬೇಕು’ ಎಂದೂ, ಹೊಲದಿಂದ ನೆಟ್ಟಗೆ ಬಂದವರಿಗೆ ‘ಅಲ್ಲೇ ಇರು’ ಎಂದೂ ಹೇಳುವ ವಾಡಿಕೆ ಗುಡೇಕೋಟೆಯಂಥ ಸಣ್ಣ ಊರುಗಳಲ್ಲಿಯೂ ಪೂರ್ಣವಾಗಿ ಹೋಗಿಲ್ಲ. ಬಂದ ಸರದಿಯಂತೆ ಎಲೆ ಹಾಕಬಹುದು. ಯಾರು ಎಂಥವರೆಂಬುದನ್ನು ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು ಮಾತಾಡಿ ತಿಳಿಯಬಹುದು.