ಕೈಹೆಣಿಗೆಯ ಬೆಲೆ ಮತ್ತು ಅಚೌರ್ಯದ ವಿವೇಕ

ಪದಾರ್ಥವನ್ನು ಮಾರುವವನು ಅದರೊಡನೆ ಒಂದು ಮಾತನ್ನೂ ಮಾರುತ್ತಾನೆ. 'ಇದು ಹಳೆಯ ಅಕ್ಕಿ', 'ಇದು ಶುದ್ಧ ತುಪ್ಪ' ಎಂಬ ಮಾತು ಅಕ್ಕಿ ತುಪ್ಪಗಳೊಡನೆಯೇ ಗಿರಾಕಿಯ ಮನೆ ಸೇರುತ್ತದೆ. ಅಕ್ಕಿಯನ್ನು ತೂಗಲು ತಕ್ಕಡಿಯುಂಟು. ಮಾತನ್ನು ತೂಗಲು ಮಾರುವವನ ಅಂತಃಕರಣವಲ್ಲದೆ ಬೇರೆ ತಕ್ಕಡಿಯಿಲ್ಲ. ಮಾತೇ ಬೆಲೆಯ ಬಹುಪಾಲಾಗಿರುವ ವ್ಯಾಪಾರಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಉಣ್ಣೆಯ ಉಡುಪುಗಳನ್ನು ಕೈಯಿಂದ ಹೆಣೆದು ಮಾರುವ ಸಣ್ಣ ಅಂಗಡಿ ಅಂಥದೊಂದು ವ್ಯಾಪಾರ.

ಮಲೆನಾಡಿನ ಪೇಟೆಬೀದಿಯಲ್ಲಿ ಇಂಥ ಅಂಗಡಿ ನಡೆಸುವ ಹೆಣ್ಣುಮಗಳ ದಿನಚರಿಯನ್ನು ಗಮನಿಸಬಹುದು. ಮನೆಗೆಲಸ ಮುಗಿಸಿ ಬಾಗಿಲು ತೆಗೆಯುವಾಗ ಹತ್ತು ಗಂಟೆ. ಲಡಿಯ ನೂಲನ್ನು ಉಂಡೆ ಸುತ್ತಿ, ಕಡ್ಡಿ ಹಿಡಿದು ಕೂರುತ್ತಾಳೆ. ಸೀಮಂತಕ್ಕೆ, ನಾಮಕರಣಕ್ಕೆ ಕುಲಾವಿ, ಕಾಲುಚೀಲಗಳ ಬೇಡಿಕೆ. ಶಾಲೆ ತೆರೆಯುವ ಹೊತ್ತಿಗೆ ಮಕ್ಕಳ ಸ್ವೆಟರು. ಗಿರಾಕಿ ಬಂದಾಗ ಸಾಲಿನ ನಡುವೆ ಕಡ್ಡಿ ಕೆಳಗಿಟ್ಟರೆ ಲೆಕ್ಕ ತಪ್ಪುತ್ತದೆ. ತಪ್ಪಿದ ಲೆಕ್ಕ ಹತ್ತು ಸಾಲು ಮುಂದೆ ಹೋದ ಮೇಲೆ ಕಣ್ಣಿಗೆ ಬೀಳುತ್ತದೆ. ಆಗ ಬಿಚ್ಚದೆ ಗತ್ಯಂತರವಿಲ್ಲ. ಬೇಸಗೆಯಲ್ಲಿ ಮಾರಾಟವಿಲ್ಲ, ಆದರೆ ಮಳೆಗೂ ಚಳಿಗೂ ಬೇಕಾದ ದಾಸ್ತಾನು ಬೇಸಗೆಯಲ್ಲಿಯೇ ಸಿದ್ಧವಾಗಬೇಕು. ಉಣ್ಣೆಗೆ ಹಾಕಿದ ಬಂಡವಾಳ ಅಷ್ಟು ತಿಂಗಳೂ ಕಪಾಟಿನಲ್ಲಿ ನುಸಿಗುಳಿಗೆಗಳೊಡನೆ ಕುಳಿತಿರುತ್ತದೆ.

ಈಗ ಲೆಕ್ಕವನ್ನು ನೋಡಬೇಕು. ಎರಡು ವರ್ಷದ ಮಗುವಿನ ಒಂದು ಸ್ವೆಟರಿಗೆ ನುರಿತ ಕೈಗೂ ಇಪ್ಪತ್ತು ಗಂಟೆ ಹಿಡಿಯುತ್ತದೆಂದು ಭಾವಿಸಬಹುದು. ಗಂಟೆಗೆ 50 ರೂಪಾಯಿಯಂತೆ ಎಣಿಸಿದರೆ ದುಡಿಮೆಯ ಬಾಬ್ತು 1,000, ಉಣ್ಣೆಗೆ 300, ಬಾಡಿಗೆ, ದೀಪದ ಖರ್ಚಿನ ಪಾಲು 100, ಒಟ್ಟು 1,400 ರೂಪಾಯಿ. ಲೂಧಿಯಾನದ ಯಂತ್ರಗಳಿಂದ ಬಂದ ಅದೇ ಅಳತೆಯ ಸ್ವೆಟರು ಪಕ್ಕದ ಅಂಗಡಿಯಲ್ಲಿ 400 ರೂಪಾಯಿಗೆ ತೂಗುತ್ತಿದೆಯೆಂದು ಇಟ್ಟುಕೊಂಡರೆ, ಗಿರಾಕಿ ಕೇಳುವ ಪ್ರಶ್ನೆ ಊಹೆಗೆ ನಿಲುಕದ್ದಲ್ಲ. ಹೆಣಿಗೆಯ ಚೌಕಟ್ಟು ಯಂತ್ರವನ್ನು ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ರೂಪಿಸಿದಂದಿನಿಂದ ಕೈಗೆ ಎದುರಾಗಿರುವ ಪ್ರಶ್ನೆ ಅದು. ಕೈ ಒಂದೊಂದೇ ಕುಣಿಕೆಯನ್ನು ಎತ್ತುತ್ತದೆ; ಯಂತ್ರ ಇಡೀ ಸಾಲನ್ನು ಒಮ್ಮೆಗೇ ಮುಗಿಸುತ್ತದೆ.

ಇಲ್ಲಿ ಮೊದಲ ಪ್ರಲೋಭನೆ ಹುಟ್ಟುತ್ತದೆ. ಫಲಕದಲ್ಲಿ 'ಕೈಹೆಣಿಗೆ' ಎಂದಿದೆ. ಯಂತ್ರದ ನಾಲ್ಕು ಸ್ವೆಟರುಗಳನ್ನು ತಂದು ಅದೇ ಕಪಾಟಿನಲ್ಲಿ ಸೇರಿಸಿದರೆ ಯಾರು ಬಲ್ಲರು? ಗಿರಾಕಿ ಕೇಳಲಿಲ್ಲ, ಆಕೆ ಹೇಳಲಿಲ್ಲ. ಸುಳ್ಳಾಡಲಿಲ್ಲವಲ್ಲ ಎಂಬ ಸಮಾಧಾನ ಬೇರೆ. ಆದರೆ ಬಾಯಿ ಸುಮ್ಮನಿದ್ದರೂ ಫಲಕ ಆಗಲೇ ಮಾತನಾಡಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ 'ಪ್ರತಿರೂಪಕ ವ್ಯವಹಾರ'ವನ್ನು, ಎಂದರೆ ಒಂದರಂತೆ ಕಾಣುವ ಇನ್ನೊಂದನ್ನು ಅದೇ ಎಂದು ದಾಟಿಸುವುದನ್ನು, ಎಣಿಸಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಇದನ್ನೇ 'ಸದೃಶಸನ್ಮಿಶ್ರ'ವೆಂದು ಕರೆಯುತ್ತದೆ. ಈ ದೋಷವನ್ನು ಸತ್ಯವ್ರತದ ಕೆಳಗಿಡದೆ ಅಚೌರ್ಯದ ಕೆಳಗಿಟ್ಟಿರುವುದು ವಿಚಾರಾರ್ಹ. ಗಿರಾಕಿ ಇಪ್ಪತ್ತು ಗಂಟೆಗಳ ದುಡಿಮೆಗೆಂದು ಕೊಟ್ಟ ಹಣ, ಆ ಗಂಟೆಗಳೇ ಇಲ್ಲದ ಪದಾರ್ಥಕ್ಕೆ ಸಂದರೆ, ಅದು ಕೊಟ್ಟ ಹಣವಲ್ಲ, ಕಳವಾದ ಹಣ.

ಅಕ್ರಿಲಿಕ್ ನೂಲನ್ನು ಉಣ್ಣೆಯೆಂದು ಮಾರುವುದೂ ಇದೇ ಜಾತಿಯದು. ಒಂದೆಳೆಗೆ ಬೆಂಕಿ ತೋರಿಸಿದರೆ ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪರೀಕ್ಷೆ ಸುಲಭ, ಆದರೆ ಯಾವ ಗಿರಾಕಿಯೂ ಅಂಗಡಿಯಲ್ಲಿ ಬೆಂಕಿಕಡ್ಡಿ ಗೀರುವುದಿಲ್ಲ. ಕೈಮಗ್ಗದ ಬಟ್ಟೆಗೆ ಭಾರತ ಸರ್ಕಾರ 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಮುದ್ರೆಯನ್ನು ತಂದಿತು. ಅದು ಮಗ್ಗದ ನೇಯ್ಗೆಗೆ ಸಂಬಂಧಿಸಿದ್ದು, ಕಡ್ಡಿಯ ಹೆಣಿಗೆಗಲ್ಲ. ಸಣ್ಣ ಅಂಗಡಿಯ ಹೆಣಿಗೆಗೆ ಅಂಗಡಿಯಾಕೆಯ ಮಾತೇ ಮುದ್ರೆ.

ಎರಡನೆಯ ದೋಷ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅದು ಸೌಜನ್ಯದ ವೇಷದಲ್ಲಿ ಬರುತ್ತದೆ. 'ಹೇಗೂ ಬಿಡುವಿನಲ್ಲಿ ಹೆಣೆದದ್ದು, ಉಣ್ಣೆಯ ದುಡ್ಡು ಹುಟ್ಟಿದರೆ ಸಾಕು' ಎಂದು ಆ ಸ್ವೆಟರನ್ನು 700ಕ್ಕೆ ಕೊಟ್ಟುಬಿಡುವುದು. ಉಣ್ಣೆಯ 300, ಬಾಡಿಗೆಯ 100 ಕಳೆದರೆ ಉಳಿಯುವುದು 300; ಇಪ್ಪತ್ತು ಗಂಟೆಗೆ ಹಂಚಿದರೆ ಗಂಟೆಗೆ 15 ರೂಪಾಯಿ. ಮನೆಯಲ್ಲಿ ಬೇರೆ ಸಂಪಾದನೆ ಇರುವವಳಿಗೆ ಇದು ನಷ್ಟವೆನಿಸದು. ಆದರೆ ಅದೇ ಬೀದಿಯ ಕೊನೆಯಲ್ಲಿ ಇದೇ ಕಡ್ಡಿಗಳಿಂದ ಅನ್ನ ಸಂಪಾದಿಸುವ ವಿಧವೆಯೊಬ್ಬಳಿದ್ದರೆ, ಆ 700 ಆಕೆಯ ಬೆಲೆಯೂ ಆಗಿಬಿಡುತ್ತದೆ. ಕೊಂಡವನು ಆಕೆಯ ಮುಂದೆ ನಿಂತು, 'ಅಲ್ಲಿ ಇಷ್ಟಕ್ಕೇ ಕೊಡುತ್ತಾರೆ' ಎನ್ನುತ್ತಾನೆ. ಶಾಸ್ತ್ರದ ಪಟ್ಟಿಯಲ್ಲಿ ಇದು ಹೆಸರು ಹಿಡಿದು ಬಂದಿಲ್ಲ; ಆದರೂ ದುಡಿದ ಗಂಟೆಗಳನ್ನು ಸೊನ್ನೆಯೆಂದು ಬರೆಯುವುದು ಅಳತೆಯ ದೋಷವೇ. ಬಡವರ ಕೂಸಿಗೆ ಕುಲಾವಿಯನ್ನು ಸುಮ್ಮನೆ ಕೊಡುವುದು ದಾನ, ಅದು ಶ್ಲಾಘ್ಯ. ಆದರೆ ದಾನದ ಖಾತೆ ಬೇರೆ, ಮಾರಾಟದ ಖಾತೆ ಬೇರೆ. ಎರಡನ್ನೂ ಒಂದೇ ಚೀಟಿಯಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ.

ಬೆಲೆಯ ಮಾತು ಹುಸಿಯಾದಾಗ ಹೆಣೆಯುವವರ ಗತಿ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷ್ಯವುಂಟು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ಹೆಂಗಸರು ನಯವಾದ ಶಾಲುಗಳಿಗೆ ಹೆಸರಾದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ವರ್ತಕರು ಶಾಲಿನ ಬೆಲೆಯನ್ನು ನಗದಾಗಿ ಕೊಡದೆ ಚಹಾಪುಡಿ, ಬಟ್ಟೆಗಳ ರೂಪದಲ್ಲಿ ಕೊಡುತ್ತಿದ್ದರು. ಹಿಟ್ಟು ಬೇಕಾದವಳು ಆ ಚಹಾವನ್ನು ಹೊತ್ತು ಮನೆಮನೆ ತಿರುಗಿ ಹಿಟ್ಟಿಗೆ ಬದಲಾಯಿಸಿಕೊಳ್ಳಬೇಕಾಗಿತ್ತು. ಬ್ರಿಟಿಷ್ ಸರ್ಕಾರ ನೇಮಿಸಿದ ವಿಚಾರಣೆಯ ವರದಿ 1872ರಲ್ಲಿ ಇದನ್ನೆಲ್ಲ ದಾಖಲಿಸಿತು. ಶಾಲಿಗೆ ಹೇಳಿದ ಬೆಲೆ ಕೇಳಲು ನ್ಯಾಯವಾಗಿಯೇ ಇತ್ತು; ಲಾಭವೆಲ್ಲ ಬದಲಿಗೆ ಕೊಟ್ಟ ಪದಾರ್ಥದಲ್ಲಿ ಅಡಗಿತ್ತು. 1887ರ ಕಾಯಿದೆ ಹೆಣಿಗೆಯವರಿಗೂ ರಕ್ಷಣೆ ನೀಡಿತಾದರೂ ಪದ್ಧತಿ ಒಮ್ಮೆಗೇ ಅಳಿಯಲಿಲ್ಲ. ಲೆಕ್ಕದಲ್ಲಿ ಬರೆದ ಬೆಲೆಯೂ ಕೈಗೆ ಬಂದ ಬೆಲೆಯೂ ಬೇರೆಯಾದೆಡೆ ಯಾರದೋ ಬಾಳಿನ ಗಂಟೆಗಳು ಲೆಕ್ಕಕ್ಕೆ ಸಿಗದೆ ಹೋಗಿರುತ್ತವೆ. ಮನೆಯಲ್ಲೇ ಕುಳಿತು ಹೆಣೆದುಕೊಡುವ ಹೆಂಗಸರಿಂದ ಕೆಲಸ ಮಾಡಿಸುವ ಇಂದಿನ ಅಂಗಡಿಗಳಿಗೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಆಕೆ ಮಾಡಬೇಕಾದುದೇನು? 1,400 ರೂಪಾಯಿ ಕೊಡಲು ಎಲ್ಲರಿಗೂ ಸಾಧ್ಯವಿಲ್ಲ. ಸತ್ಯ ಹೇಳಿದ ಮಾತ್ರಕ್ಕೆ ಬಾಡಿಗೆ ಹುಟ್ಟುವುದೂ ಇಲ್ಲ. ಯಂತ್ರದ ಸ್ವೆಟರು ಪಾಪದ ಪದಾರ್ಥವೇನಲ್ಲ. ಅದರ ಹಿಂದೆಯೂ ಕಾರ್ಮಿಕರ ಬೆವರಿದೆ, ಬಡವರ ಮಕ್ಕಳ ಚಳಿಯನ್ನು ಕಳೆಯುವುದೂ ಅದೇ. ಅದನ್ನು ಮಾರಬೇಕೆನಿಸಿದರೆ ಬೇರೆ ಕಪಾಟಿನಲ್ಲಿಟ್ಟು, ಬೇರೆ ಚೀಟಿ ಅಂಟಿಸಿ ಮಾರಲಿ. ಕೈಹೆಣಿಗೆಯ ಚೀಟಿಯಲ್ಲಿ ನೂಲು ಯಾವುದು, ಗಂಟೆಗಳೆಷ್ಟು ಎಂಬುದನ್ನು ಬರೆಯಲಿ. ದೊಡ್ಡ ಸ್ವೆಟರಿನ ಬೆಲೆ ಭಾರವಾದವರಿಗೆ ನಾಲ್ಕು ಗಂಟೆಯಲ್ಲಿ ಮುಗಿಯುವ ಕುಲಾವಿಯನ್ನು ತೋರಿಸಲಿ. ಹೀಗೆ ಮಾಡಿದವಳಿಗೆ ಕೆಲವು ಗಿರಾಕಿಗಳು ತಪ್ಪುತ್ತಾರೆ. ಅದನ್ನು ವ್ರತದ ವೆಚ್ಚವೆಂದೇ ಬರೆದುಕೊಳ್ಳಬೇಕು.

ಕೊಳ್ಳುವವರ ಪಾಲಿನ ಕರ್ತವ್ಯವೂ ಉಂಟು. ಚಿನ್ನದಂಗಡಿಯಲ್ಲಿ ತೂಕ ನೋಡಿ ಸುಮ್ಮನಾಗುವವರು ಹೆಣಿಗೆಯವಳ ಮುಂದೆ ನೂರು ರೂಪಾಯಿಗಾಗಿ ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ. ಬೆಲೆ ಹೆಚ್ಚೆನಿಸಿದರೆ ಕೊಳ್ಳದೆ ಹೋಗುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಆದರೆ ಗಂಟೆಗಳ ಲೆಕ್ಕವನ್ನು ಚೀಟಿಯಲ್ಲಿ ಓದಿದ ಮೇಲೂ ಇಳಿಸೆಂದು ಪೀಡಿಸುವವರು, ತಾವು ಇಳಿಸಲು ಕೇಳುತ್ತಿರುವುದು ಉಣ್ಣೆಯ ಬೆಲೆಯನ್ನಲ್ಲ, ಒಬ್ಬಳ ಆಯುಷ್ಯದ ಬೆಲೆಯನ್ನು ಎಂಬುದನ್ನು ಅರಿಯಬೇಕು. ಅಚೌರ್ಯದ ನಿಯಮ ಅಂಗಡಿಯ ಗಲ್ಲಾಪೆಟ್ಟಿಗೆಯ ಎರಡೂ ಬದಿಗೆ ಅನ್ವಯಿಸುತ್ತದೆ.