ಕಾಯಕದ ಹಗಲು, ಕಲ್ಪನೆಯ ಇರುಳು

ಮಲೆನಾಡಿನ ಶಾಲೆಯೊಂದರಲ್ಲಿ ಹಗಲೆಲ್ಲ ಪಾಠ ಹೇಳಿದ ಉಪಾಧ್ಯಾಯನೊಬ್ಬನು, ಮನೆಮಂದಿ ಮಲಗಿದ ಬಳಿಕ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಲೋಕದಲ್ಲಿ ಎಂದೂ ಇಲ್ಲದ ರಾಜ್ಯವೊಂದರ, ಎಂದೂ ಹುಟ್ಟದ ವೀರರ, ಮಾತನಾಡುವ ಮೃಗಗಳ ಕಥೆಯನ್ನು ಬರೆಯತೊಡಗಿದನೆಂದು ಭಾವಿಸೋಣ. ಬರೆದುದನ್ನು ಹೊಡೆದುಹಾಕಿ ಮತ್ತೆ ಬರೆಯುತ್ತಾನೆ, ವರ್ಷಗಳು ಕಳೆಯುತ್ತವೆ. ಅವನ ಈ ಎರಡನೆಯ ದುಡಿಮೆಯು ಕಾಯಕವೆನಿಸುವುದೋ, ಅಥವಾ ಕಾಯಕದಿಂದ ಕದ್ದ ಹೊತ್ತಿನ ವಿನೋದವೋ? ಮರುದಿನ ತರಗತಿಯಲ್ಲಿ ಅವನ ಕಣ್ಣು ಭಾರವಾದರೆ ಆ ನಷ್ಟವು ಯಾರಿಗೆ ಸೇರಿದುದು? ಮೇಲಾಗಿ, ಮಕ್ಕಳಿಗೆ ಸತ್ಯವನ್ನೇ ನುಡಿಯಿರೆಂದು ಹೇಳುವವನು ಇರುಳಿನಲ್ಲಿ ಇಲ್ಲದುದನ್ನು ಇದೆಯೆಂದು ಬರೆಯುವುದು ಯುಕ್ತವೇ? ಸಂಸಾರಸ್ಥರ ಮನೆಗಳಲ್ಲಿ ಏಳತಕ್ಕ ಪ್ರಶ್ನೆಗಳಿವು.

ಶರಣರ ನಿದರ್ಶನವು ಕೂಡಲೇ ಬಾಯಿಗೆ ಬರುವುದು ಸಹಜ. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತವರು. ಚೌಡಯ್ಯನವರದು ಅಂಬಿಗ ಕಾಯಕ, ಚಂದಯ್ಯನವರದು ಹಗ್ಗ ಹೊಸೆಯುವ ಕಾಯಕ. ವಚನ ರಚಿಸುವುದನ್ನೇ ಜೀವನೋಪಾಯ ಮಾಡಿಕೊಂಡವರು ಅವರಲ್ಲಿ ಯಾರೂ ಇಲ್ಲ. ಆದರೆ ಈ ಹೋಲಿಕೆಯನ್ನು ಬಹುದೂರ ಎಳೆಯಲಾಗದು. ವಚನವು ಅನುಭವದಿಂದ ಒಮ್ಮೆಗೇ ಹೊಮ್ಮಬಲ್ಲ ಕಿರುನುಡಿ. ಹುಟ್ಟು ಹಾಕುತ್ತಿರುವಾಗಲೇ ಮೂಡಿದರೂ ಮೂಡೀತು. ನೂರಾರು ಪುಟಗಳ ಕಲ್ಪಿತ ಕಥೆಯು ಹಾಗಲ್ಲ. ಅದು ವರ್ಷಗಟ್ಟಲೆ ಕರ್ತನ ಮನೆಯಲ್ಲಿ ಠಾವು ಮಾಡಿಕೊಂಡು ಕುಳಿತು, ಊಟದ ಹೊತ್ತಿನಲ್ಲಿಯೂ ಅವನ ಮನಸ್ಸನ್ನು ಬೇಡುವ ಅತಿಥಿ.

ಇಂಥ ಅತಿಥಿಯನ್ನು ಸಲಹಿದವರು ಈ ಸೀಮೆಗೆ ಹೊಸಬರಲ್ಲ. ಕೆಳದಿಯ ಬಸವಪ್ಪನಾಯಕನು ರಾಜ್ಯಭಾರದ ನಡುವೆಯೇ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ಮಹಾಕೋಶವನ್ನು ರಚಿಸಿ 1709ರಲ್ಲಿ ಪೂರೈಸಿದನು. ಅರಸನಿಗಾದರೂ ಪರಿಜನರುಂಟು, ಸಂಬಳದ ಉಪಾಧ್ಯಾಯನ ಸಂಗತಿಯೇ ಬೇರೆ. ಅದಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯಲ್ಲಿ ಬೆಳೆದ ಕುವೆಂಪು ಅವರ ಜೀವಿತವೇ ಸಮೀಪದ ದೃಷ್ಟಾಂತ.

1929ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ಕನ್ನಡ ಅಧ್ಯಾಪಕರಾದರು. ನಡುವೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಕೆಲಸ ಮಾಡಿ, 1955ರಲ್ಲಿ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾಗಿ, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದು ನಿವೃತ್ತರಾದರು. ‘ಶ್ರೀರಾಮಾಯಣ ದರ್ಶನಂ’ ಆರಂಭವಾದುದು 1936ರಲ್ಲಿ, ಮುಗಿದುದು 1945ರಲ್ಲಿ, ಅಚ್ಚಿನಲ್ಲಿ ಬಂದುದು 1949ರಲ್ಲಿ. ಅದು ಕಾದಂಬರಿಯಲ್ಲ, ಮಹಾಛಂದಸ್ಸಿನ ಕಾವ್ಯ. ಆದರೂ ಕಪಿಗಳೂ ರಾಕ್ಷಸರೂ ಸಂಚರಿಸುವ ಅದ್ಭುತಲೋಕವೊಂದನ್ನು ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಪಂಕ್ತಿಗಳಲ್ಲಿ ನಿರ್ಮಿಸಿದ ಕೆಲಸ. ಒಂಬತ್ತು ವರ್ಷಕ್ಕೆ ಹಂಚಿ ಲೆಕ್ಕ ಹಾಕಿದರೆ ದಿನಕ್ಕೆ ಏಳು ಪಂಕ್ತಿಗಳಷ್ಟೇ ಬರುತ್ತವೆ! ಕಾವ್ಯವು ಹೀಗೆ ಅಳತೆಗೋಲಿನಿಂದ ಹುಟ್ಟುವುದಿಲ್ಲವೆಂಬುದು ನಿಜ. ಆದರೂ ಒಂಬತ್ತು ಶೈಕ್ಷಣಿಕ ವರ್ಷಗಳ ಪಾಠ, ಪರೀಕ್ಷೆ, ಉತ್ತರಪತ್ರಿಕೆಗಳ ಜೊತೆಜೊತೆಗೆ ಒಂದೇ ಕೃತಿಯನ್ನು ಕೈಬಿಡದೆ ನಡೆಸಿದ ಸೈರಣೆಯನ್ನು ಈ ಏಳು ಎಂಬ ಅಂಕೆಯು ತಕ್ಕಮಟ್ಟಿಗೆ ಕಾಣಿಸುತ್ತದೆ.

ಉಪಾಧ್ಯಾಯನ ಕಾಲವು ಹೇಗೆ ಹಂಚಿಹೋಗುವುದೆಂಬುದನ್ನು ಈ ಭಾಗದವರಿಗೆ ಶರಾವತಿಯೇ ತೋರಿಸುತ್ತಾಳೆ. ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರದ ಸೀಮೆಯನ್ನು ಹಾದು ಬಂದ ನದಿಯು ಜೋಗದಲ್ಲಿ 830 ಅಡಿ ಧುಮುಕುತ್ತದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆದಮೇಲೆ ನೀರಿನ ಬಹುಭಾಗವು ವಿದ್ಯುದಾಗಾರಗಳ ದಾರಿ ಹಿಡಿಯಿತು. ಬೇಸಗೆಯಲ್ಲಿ ಹೋದವರಿಗೆ ಬಂಡೆಯೇ ಹೆಚ್ಚಾಗಿ ಕಾಣುವುದು; ಮಳೆಗಾಲವು ತುಂಬಿ ಬಂದಾಗ ಮಾತ್ರ ದೀಪಕ್ಕೂ ನೀರುಂಟು, ಧುಮುಕುವುದಕ್ಕೂ ನೀರುಂಟು. ಬಂಡೆ ಒಣಗಿದ ತಿಂಗಳುಗಳಲ್ಲಿ ನದಿಯು ಸೋಮಾರಿಯಾಯಿತೆಂದು ಯಾರೂ ದೂರುವುದಿಲ್ಲ. ಬರೆಯುವ ಉಪಾಧ್ಯಾಯನು ಮಾತ್ರ, ಹಸ್ತಪ್ರತಿ ಮುಂದೆ ಸಾಗದ ತಿಂಗಳುಗಳಿಗಾಗಿ ತನ್ನನ್ನು ತಾನೇ ಹಳಿದುಕೊಳ್ಳುತ್ತಾನೆ. ಆ ನೀರು ಮಕ್ಕಳ ಮನೆಗಳಲ್ಲಿ ಬೆಳಕಾಗಿರುವುದನ್ನು ಮರೆಯುತ್ತಾನೆ.

ಇನ್ನು ಅಸತ್ಯದ ಆಕ್ಷೇಪ. ಕುವೆಂಪು ಅವರು ಹಳೆಯ ಕಥೆಯನ್ನು ಇದ್ದಂತೆ ಬರೆಯಲಿಲ್ಲ. ಅವರ ಮಂಥರೆಯು ಕೇವಲ ದುಷ್ಟೆಯಲ್ಲ, ಭರತನ ಮೇಲಣ ಮಮತೆಯ ಸುಳಿಗೆ ಸಿಕ್ಕವಳು. ವಾಲಿಯನ್ನು ಮರೆಯಿಂದ ಕೊಂದುದಕ್ಕಾಗಿ ಅವರ ರಾಮನು ಪರಿತಪಿಸುತ್ತಾನೆ. ಅಗ್ನಿಪರೀಕ್ಷೆಯಲ್ಲಿ ಸೀತೆಯೊಡನೆ ತಾನೂ ಬೆಂಕಿಯನ್ನು ಹೊಗುತ್ತಾನೆ. ಇವು ಲೋಕಕ್ಕೆ ತಿಳಿದ ಕಥೆಯ ತಿದ್ದುಪಡಿಗಳು. ಇವುಗಳನ್ನು ಸುಳ್ಳೆನ್ನುವವರು ಒಂದು ವಿಷಯವನ್ನು ಯೋಚಿಸಬೇಕು. ತರಗತಿಯಲ್ಲಿ ಪ್ರತಿವರ್ಷವೂ ಹೊಸ ಮುಖಗಳ ಎದುರು ನಿಲ್ಲುವವನಿಗೆ, ಮೊದಲ ದಿನ ಕೇಡಿಗನೆಂದು ತೋರಿದ ಹುಡುಗನ ಮನೆಯ ಕಷ್ಟವು ಆರನೆಯ ತಿಂಗಳಲ್ಲಿ ತಿಳಿದು ತೀರ್ಪು ಬದಲಾಗುವುದುಂಟು. ಕಥೆಯನ್ನು ತಿದ್ದುವುದೆಂದರೆ ಬರಿಯ ಶಬ್ದಗಳನ್ನು ಒರೆಸುವುದಲ್ಲ, ಒಮ್ಮೆ ಕೊಟ್ಟ ತೀರ್ಪನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳುವುದು. ಮಂಥರೆಗೆ ದೊರೆತ ನ್ಯಾಯವು ಉಪಾಧ್ಯಾಯವೃತ್ತಿಗೆ ಪರಕೀಯವಾದುದಲ್ಲ. ಕಲ್ಪಿತಲೋಕದಲ್ಲಿಯೂ ಕರ್ತನು ತನಗೆ ಬೇಡದ ಪಾತ್ರಕ್ಕೆ ಅನ್ಯಾಯ ಮಾಡಿದರೆ ಅದೇ ಅಸತ್ಯ. ರೆಕ್ಕೆಯ ಕುದುರೆಯನ್ನು ಬರೆದುದು ಅಸತ್ಯವಲ್ಲ.

ತಿದ್ದುವಾಗ ತೆಗೆದುಹಾಕುವುದೇ ಬಹು ಕಷ್ಟದ ಭಾಗ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಮಿಕ್ಕುದನ್ನು ಅಲ್ಲಿಯೇ ಸುರಿದು ಬರಲು ಹಿಂದಕ್ಕೆ ಕಳುಹಿಸಿದ ಕಥೆಯು ವಾಚಕರಿಗೆ ತಿಳಿದುದೇ. ತಂದ ಅಕ್ಕಿಯೇನೂ ಕಲಬೆರಕೆಯದಲ್ಲ, ಕದ್ದುದೂ ಅಲ್ಲ. ಆ ದಿನದ ಅಗತ್ಯಕ್ಕೆ ಮೀರಿದುದು, ಅಷ್ಟೆ. ಹಸ್ತಪ್ರತಿಯಲ್ಲಿಯೂ ಇಂಥ ಅಧ್ಯಾಯಗಳಿರುತ್ತವೆ. ನಡುರಾತ್ರಿಯ ಶ್ರಮದಿಂದ ಬಂದವು, ಸುಂದರವಾದವು, ಕಥೆಗೆ ಬೇಡವಾದವು. ನಿದ್ದೆಗೆಟ್ಟು ಗಳಿಸಿದುದೆಂಬ ಮೋಹವೇ ಅವುಗಳನ್ನು ಬಿಡಗೊಡದು. ಬಿಡುವುಳ್ಳ ಲೇಖಕನಿಗಿಂತ ಬಿಡುವಿಲ್ಲದ ಉಪಾಧ್ಯಾಯನಿಗೆ ಈ ಮೋಹವು ಹೆಚ್ಚು, ಏಕೆಂದರೆ ಅವನ ಪ್ರತಿಯೊಂದು ಪುಟಕ್ಕೂ ಬೆಲೆಯನ್ನು ತೆತ್ತವರು ಮನೆಯಲ್ಲಿದ್ದಾರೆ. ಅವನಿಗೆ ಲಕ್ಕಮ್ಮನವರಂತೆ ನಿಷ್ಠುರವಾಗಿ ಹೇಳುವ ಒಬ್ಬರು ಬೇಕು. ಹೊಗಳುವ ಗೆಳೆಯರು ಬೇಕಾದಷ್ಟು ಸಿಕ್ಕುತ್ತಾರೆ.

ನಷ್ಟವೇ ಇಲ್ಲವೆಂದು ಮಾತ್ರ ಹೇಳಲಾಗದು. ಕುವೆಂಪು ಅವರ ಮೊದಲ ಮಹಾಕಾದಂಬರಿ ‘ಕಾನೂರು ಹೆಗ್ಗಡಿತಿ’ ಹೊರಬಂದುದು 1936ರಲ್ಲಿ. ಎರಡನೆಯದಾದ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ, ಅವರು ನಿವೃತ್ತರಾಗಿ ಏಳು ವರ್ಷಗಳಾದ ಮೇಲೆ. ನಡುವಣ ಮೂವತ್ತೊಂದು ವರ್ಷಗಳಲ್ಲಿ ಮಹಾಕಾವ್ಯವೂ ವಿಶ್ವವಿದ್ಯಾನಿಲಯವೂ ಇದ್ದುವು. ಹುದ್ದೆಯಿಲ್ಲದಿದ್ದರೆ ಮತ್ತೊಂದು ಕಾದಂಬರಿ ದೊರೆಯುತ್ತಿತ್ತೋ ಏನೋ. ಆದರೆ ಆಗ ಅವರಿಂದ ಪಾಠ ಕೇಳಿದವರ ಪಾಲಿನ ನಷ್ಟವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ಅವರಿಗೇ ಪಾಠ ಹೇಳಿದ್ದ ಟಿ. ಎಸ್. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಆಗ ಕಾವ್ಯವು ಆರಂಭವಾಗಿ ಮೂರೇ ವರ್ಷವಾಗಿದ್ದಿತು. ಮುಂದೆ ಅದು ಮುಗಿದು ಪುಸ್ತಕವಾದಾಗ, ಶಿಷ್ಯರಾದ ಕುವೆಂಪು ಅವರು ಅದನ್ನು ಅರ್ಪಿಸಿದುದು ಆ ಗುರುವಿಗೇ.