ಹಿಂದೆ ಯಾರಿದ್ದಾರೆ?

ಹತ್ತು ಸಲ ನಿಜ ಹೇಳಿ ಹನ್ನೊಂದನೇ ಸಲ ಬಾಯಿ ಮುಚ್ಚಿಕೊಳ್ಳುವವನನ್ನು ಎಷ್ಟರಮಟ್ಟಿಗೆ ನಂಬಬಹುದು? ಊರಲ್ಲಿದ್ದಾಗ ಇಂಥ ಪ್ರಶ್ನೆಯನ್ನು ಮನುಷ್ಯರ ಬಗ್ಗೆ ಕೇಳುತ್ತಿದ್ದೆವು. ಸಾಲ ಕೊಡುವಾಗ, ಹೆಣ್ಣು ಕೊಡುವಾಗ, ಪಂಚಾಯ್ತಿಗೆ ಸಾಕ್ಷಿ ಕರೆಯುವಾಗ. ಪುಣೆಗೆ ಬಂದ ಮೇಲೆ ಅದೇ ಪ್ರಶ್ನೆಯನ್ನು ನಾನು ಒಂದು ಕ್ಯಾಮೆರಾದ ಬಗ್ಗೆ ಕೇಳಬೇಕಾಗಿ ಬಂತು. ಹೆಬ್ಬೆರಳ ಗಾತ್ರದ್ದು. ಕಾರಿನ ಹಿಂದೆ, ನಂಬರ್ ಪ್ಲೇಟಿನ ಮೇಲೆ ಕೂತಿರುತ್ತದೆ. ರಿವರ್ಸ್ ಗೇರ್ ಹಾಕಿದೊಡನೆ ಹಿಂದೆ ಏನಿದೆ ಅಂತ ಮುಂದಿನ ಪರದೆಯಲ್ಲಿ ತೋರಿಸುವುದು ಅದರ ಕೆಲಸ.

ಈ ಕೆಲಸವನ್ನು ಮೊದಲು ಮನುಷ್ಯರೇ ಮಾಡುತ್ತಿದ್ದರು. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹಿಂದಕ್ಕೆ ಸರಿಯುವಾಗ ಕಂಡಕ್ಟರ್ ಕೆಳಗಿಳಿದು "ಬರ್ಲಿ, ಬರ್ಲಿ, ಬರ್ಲಿ" ಅಂತ ಕೈ ಬೀಸುತ್ತಿದ್ದ. "ಹೋಲ್ಡಾನ್" ಅಂದನೋ, ಬಸ್ಸು ನಿಂತೇ ಬಿಡಬೇಕು. ಲಾರಿಯಾದರೆ ಕ್ಲೀನರ್ ಹುಡುಗ ಹಿಂದಿನ ಹಲಗೆಗೆ ಬಡಿಯುತ್ತಿದ್ದ. ಈ ಏರ್ಪಾಟಿನಲ್ಲಿ ಒಂದು ಒಳ್ಳೆಯ ಗುಣವಿತ್ತು, ನೀವೂ ಗಮನಿಸಿರುತ್ತೀರಿ. ಹಿಂದಿನಿಂದ ದನಿ ಕೇಳಿಸದಿದ್ದರೆ ಡ್ರೈವರ್ ಬ್ರೇಕಿನ ಮೇಲೆ ಕಾಲಿಡುತ್ತಿದ್ದ. ಮೌನ ಅಂದರೆ ನಿಲ್ಲು ಅಂತಲೇ ಅರ್ಥ. ಹೊಸ ಕಣ್ಣಿನ ವಿಷಯದಲ್ಲಿ ಈ ನಿಯಮ ಸಡಿಲವಾಗಿದೆ. ಪರದೆ ಕಪ್ಪಾಗಿದ್ದರೂ ಗಾಡಿ ಹಿಂದಕ್ಕೆ ಹೋಗುತ್ತಲೇ ಇರುತ್ತದೆ.

ನಾವಿರುವ ಮಗರಪಟ್ಟಾ ಪುಣೆಯ ಹಡಪಸರದಲ್ಲಿದೆ. ಒಂದು ಕಾಲಕ್ಕೆ ಇದೆಲ್ಲ ಹೊಲ. ಮಗರ ಮನೆತನದವರೇ ಹೆಚ್ಚಾಗಿದ್ದ ನೂರಿಪ್ಪತ್ತರಷ್ಟು ರೈತ ಕುಟುಂಬಗಳು ಸುಮಾರು 400 ಎಕರೆ ನೆಲವನ್ನು ಒಟ್ಟು ಸೇರಿಸಿ, ತಾವೇ ಕಂಪನಿ ಕಟ್ಟಿಕೊಂಡು, ಜಮೀನಿನ ಅಳತೆಗೆ ತಕ್ಕ ಪಾಲು ಹಿಡಿದು ಈ ಪಟ್ಟಣವನ್ನು ಎಬ್ಬಿಸಿದರು. ನೆಲ ಮಾರಿ ಎದ್ದು ಹೋಗದೆ ಪಾಲುದಾರರಾಗಿ ಉಳಿದ ಆ ರೈತರ ಕಥೆಯನ್ನು ಊರಿಂದ ಬಂದ ನೆಂಟರಿಗೆಲ್ಲ ನಾನು ಹೇಳುತ್ತಿರುತ್ತೇನೆ. ಇಲ್ಲಿನ ಐಟಿ ಕಟ್ಟಡಗಳಿಗೆ ದೇಶದ ಮೂಲೆಮೂಲೆಯಿಂದ ಜನ ಬಂದಿದ್ದಾರೆ. ನಮ್ಮ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಸಾಲು ಕಂಬ, ಕಂಬದ ಸಂದಿಯಲ್ಲಿ ಕಾರು. ಮಳೆಗಾಲದ ಸಂಜೆ ಮಕ್ಕಳಿಗೆ ಸೈಕಲ್ ಹೊಡೆಯಲು ಅದೇ ಮೈದಾನ. ಹೊಸ ಕಾರುಗಳಿಗೆ ಹಿಂದೆ ಸೆನ್ಸರ್ ಇರಲೇಬೇಕು ಅಂತ ನಮ್ಮ ದೇಶದಲ್ಲಿ ನಿಯಮ ಬಂದದ್ದು 2019ರ ಜುಲೈ 1ರಿಂದ. ಅದಕ್ಕೂ ಹಳೆಯ ಕಾರಿನವರು ಅಂಗಡಿಗೆ ಹೋಗಿ ಕ್ಯಾಮೆರಾ ಹಾಕಿಸಿಕೊಂಡರು. ನನ್ನದೂ ಹಾಗೆ ಹೊರಗೆ ಹಾಕಿಸಿದ್ದು.

ಮಳೆಗಾಲದ ಒಂದು ತಿಂಗಳು ಅದಕ್ಕೆ ಏನೋ ಆಯಿತು. ಬೆಳಿಗ್ಗೆ ಚಿತ್ರ ಬರುತ್ತದೆ, ಸಂಜೆ ಇಲ್ಲ. ಆಫೀಸಿನಲ್ಲಿ ಬರುತ್ತದೆ, ಮನೆಯಲ್ಲಿ 'ನೋ ಸಿಗ್ನಲ್'. ಸಾಮಾನು ತುಂಬಿದ ದಿನ ಒಂಥರಾ, ಖಾಲಿ ಇದ್ದ ದಿನ ಇನ್ನೊಂಥರಾ. ಪೂರ್ತಿ ಕೆಟ್ಟಿದ್ದರೆ ಅದೇ ದಿನ ರಿಪೇರಿಗೆ ಒಯ್ಯಬಹುದಿತ್ತು. ಬಂದು ಹೋಗುವ ರೋಗಕ್ಕೆ ಔಷಧಿ ಕಷ್ಟ. ಡಾಕ್ಟರ ಮುಂದೆ ಕೂತಾಗ ಜ್ವರ ಇರುವುದೇ ಇಲ್ಲ.

ಹಡಪಸರದಲ್ಲಿ ಗಾಡಿಗಳ ವೈರಿಂಗ್ ಮಾಡುವ ಒಬ್ಬ ಹಿರಿಯರಿದ್ದಾರೆ. ಅವರು ಕೆಲಸ ಶುರು ಮಾಡಿದ್ದು ಒಂದು ಮಾತಿನಿಂದ: "ಆಧೀ ಅರ್ಥ ಬಘೂ." ಮೊದಲು ಅರ್ಥ್ ನೋಡೋಣ ಅಂತ. ಕಾರಿನ ಬಾಡಿಗೆ ಕೂಡಿಸಿದ ನೆಗೆಟಿವ್ ತಂತಿಗೆ ಅವರು ಹೇಳುವುದು ಅರ್ಥ್. ನನ್ನ ಕನ್ನಡದ ಕಿವಿಗೆ ಅದು ಮೊದಲು ಅರ್ಥವನ್ನು ನೋಡೋಣ ಅಂತಲೇ ಕೇಳಿಸಿತು. ಬೇಡ ಅನ್ನುವುದು ಹೇಗೆ?

ಅವರ ಕ್ರಮ ನೋಡಲು ಚಂದ. ಈ ಕ್ಯಾಮೆರಾಕ್ಕೆ ಕರೆಂಟು ಬರುವುದು ರಿವರ್ಸ್ ದೀಪದ ತಂತಿಯಿಂದ, 12 ವೋಲ್ಟು. ಚಿತ್ರ ಹೋಗುವುದು ಹಳದಿ ತುದಿಯ ಕೇಬಲ್ಲಿನಲ್ಲಿ, ಹಿಂದಿನಿಂದ ಮುಂದಿನ ಪರದೆಗೆ. ರಿವರ್ಸ್ ಬಿತ್ತು ಅಂತ ಪರದೆಗೆ ತಿಳಿಸಲು ಇನ್ನೊಂದು ಸಣ್ಣ ತಂತಿ. ಒಟ್ಟು ಮೂರು ದಾರಿ. ಗೇರ್ ಹಾಕಿದಾಗ ಪರದೆ ತಾನಾಗಿ ಬದಲಾಗುತ್ತಿದೆ, ಹಾಗಾಗಿ ಸುದ್ದಿಯ ತಂತಿ ಸರಿ. ಅರ್ಥಿನ ತಿರುಪು ಬಿಗಿಯಾಗಿದೆ, ಅದೂ ಸರಿ. ಬ್ಯಾಟರಿಯಿಂದ ನೇರವಾಗಿ ಕರೆಂಟು ಕೊಟ್ಟರು, ಚಿತ್ರ ಬಂತು. ಅಲ್ಲಿಗೆ ಕ್ಯಾಮೆರಾ, ಹಳದಿ ಕೇಬಲ್, ಪರದೆ ಮೂರೂ ನಿರಪರಾಧಿಗಳು. ಕೆಲವು ಹೊಸ ಕಾರುಗಳಲ್ಲಿ ಬಲ್ಬಿಗೆ ಕರೆಂಟು ಬಿಟ್ಟು ಬಿಟ್ಟು ಹರಿಯುತ್ತದಂತೆ. ಅಲ್ಲಿ ಚಿತ್ರ ನಡುಗಿದರೆ ನಡುವೆ ರಿಲೇ ಹಾಕಬೇಕು. ನಮ್ಮದು ಹಳೆಯ ಕಾರು, ಆ ಪ್ರಶ್ನೆಯೂ ಇಲ್ಲ.

ಉಳಿದದ್ದು ದೀಪದಿಂದ ಕ್ಯಾಮೆರಾಕ್ಕೆ ಹೋಗುವ ಕೆಂಪು ತಂತಿ. ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ, ರಿವರ್ಸ್ ಗೇರಿನಲ್ಲಿಟ್ಟು, ನನ್ನನ್ನು ಪರದೆಯ ಮುಂದೆ ಕೂಡಿಸಿದರು. ತಾವು ಡಿಕ್ಕಿಯ ಬಾಗಿಲನ್ನು ಗೇಣು ಗೇಣಾಗಿ ಮೇಲೆತ್ತಿದರು. ಅರ್ಧ ಎತ್ತಿದಾಗ ಚಿತ್ರ ಹೋಯಿತು, ಇಳಿಸಿದಾಗ ಬಂತು. ಬಾಗಿಲಿಗೂ ಬಾಡಿಗೂ ನಡುವೆ ತಂತಿಗಳು ಹಾಯುವ ಒಂದು ರಬ್ಬರ್ ಕೊಳವೆ ಇರುತ್ತದೆ. ಅದನ್ನು ಸರಿಸಿ ಕೆಂಪು ತಂತಿಯನ್ನು ಬೆರಳಲ್ಲಿ ಮಡಚಿ ತೋರಿಸಿದರು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹೊಸದರಂತಿದೆ, ಒಳಗೆ ತಾಮ್ರ ತುಂಡಾಗಿದೆ. ದಿನಾ ಬಾಗುವ ಜಾಗದಲ್ಲೇ ಮುರಿಯುತ್ತದೆ ಅಂದರು. ಮುರಿದ ತುದಿಗಳು ಒಂದಕ್ಕೊಂದು ತಾಗಿದಾಗ ಚಿತ್ರ, ತಾಗದಿದ್ದಾಗ ಕತ್ತಲು.

ತಿರುಚಿ ಟೇಪು ಸುತ್ತಿದರೆ ಸಾಕಲ್ಲವೇ ಅಂದೆ. ಅವರು ತಲೆಯಾಡಿಸಿದರು. "ಕಧೀ ಚಾಲತೋ, ಕಧೀ ನಾಹೀ. ತ್ಯಾಪೇಕ್ಷಾ ಬಂದ್ ಬರಾ." ಒಮ್ಮೆ ನಡೆದು ಒಮ್ಮೆ ನಡೆಯದ್ದಕ್ಕಿಂತ ಪೂರ್ತಿ ನಿಂತುಹೋದದ್ದೇ ವಾಸಿ ಅಂತ. ಆ ಜಾಗದಲ್ಲಿ ಹೊಸ ತಂತಿ ಎಳೆದು, ಬೆಸುಗೆಯನ್ನು ಬಾಗದ ಕಡೆ ಹಾಕಿ ಕಳಿಸಿದರು.

ಅವರ ಆ ಮಾತನ್ನು ನಾನು ಬಹಳ ದಿನ ಮೆಲುಕು ಹಾಕಿದ್ದೇನೆ. ಪೂರ್ತಿ ಕುರುಡಾದ ಪರದೆಯಿಂದ ಅಪಾಯ ಕಡಿಮೆ. ಇಲ್ಲ ಅಂತ ಗೊತ್ತಿದ್ದರೆ ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತದೆ, ಕನ್ನಡಿ ನೋಡುತ್ತೇವೆ, ವಾಚ್‌ಮನ್‌ನನ್ನು ಕೂಗುತ್ತೇವೆ. ಆಗಾಗ ಕಾಣಿಸುವ ಪರದೆ ಕತ್ತಿಗೆ ಸೋಮಾರಿತನ ಕಲಿಸುತ್ತದೆ, ಆಮೇಲೆ ಒಂದು ದಿನ ಹೇಳದೆ ರಜೆ ಹಾಕುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪರದೆ ಹ್ಯಾಂಗ್ ಆಗಿ, ಒಂದು ಗಳಿಗೆ ಹಿಂದಿನ ಚಿತ್ರವೇ ನಿಂತುಬಿಡುವುದು. ಖಾಲಿ ನೆಲ, ಬಿಳಿ ಗೋಡೆ, ಎಲ್ಲ ಸ್ವಚ್ಛ. ಕಪ್ಪು ಪರದೆ ನನಗೆ ಕಾಣುತ್ತಿಲ್ಲ ಅಂತ ಒಪ್ಪಿಕೊಳ್ಳುತ್ತದೆ. ನಿಂತ ಚಿತ್ರ ಸುಳ್ಳನ್ನು ಬಣ್ಣದಲ್ಲಿ ಹೇಳುತ್ತದೆ.

ಹಾಗಂತ ಕ್ಯಾಮೆರಾ ಬೇಡ, ಹಳೆ ಕಾಲವೇ ಚೆನ್ನಾಗಿತ್ತು ಅನ್ನುವ ವಾದ ನನ್ನದಲ್ಲ. 2002ರಲ್ಲಿ ಅಮೆರಿಕದ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ ಗ್ರೆಗ್ ಗುಲ್‌ಬ್ರಾನ್ಸೆನ್ ಎಂಬುವರು ಮನೆಯ ಮುಂದೆ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಅವರದೇ ಎರಡು ವರ್ಷದ ಮಗ ಕ್ಯಾಮರನ್ ಅದರಡಿ ಸಿಕ್ಕಿ ತೀರಿಕೊಂಡ. ತಂದೆ ಮಕ್ಕಳ ಡಾಕ್ಟರು. ಅಷ್ಟು ಎತ್ತರದ ಗಾಡಿಯ ಹಿಂದೆ ನಿಂತ ಅಷ್ಟು ಸಣ್ಣ ಮಗು ಕನ್ನಡಿಗೆ ಸಿಗುವುದಿಲ್ಲ. ಆ ಮಗುವಿನ ಹೆಸರಿನಲ್ಲೇ 2008ರಲ್ಲಿ ಅಲ್ಲಿ ಕಾನೂನಾಯಿತು. ನಿಯಮ ಬರೆಯಲು 2014ರ ತನಕ ಹಿಡಿಯಿತು. ಎಲ್ಲ ಹೊಸ ಕಾರುಗಳಿಗೂ ಹಿಂಬದಿಯ ನೋಟ ಕಡ್ಡಾಯವಾದದ್ದು 2018ರ ಮೇ 1ರಿಂದ. ಗಾಡಿಯ ಹಿಂದಿನ 10 ಅಡಿ ಅಗಲ, 20 ಅಡಿ ಉದ್ದದ ನೆಲ ಕಾಣಬೇಕು. ರಿವರ್ಸ್ ಹಾಕಿದ ಎರಡು ಸೆಕೆಂಡಿನೊಳಗೆ ಚಿತ್ರ ಬರಬೇಕು. ಆ ಎರಡು ಸೆಕೆಂಡಿನ ಲೆಕ್ಕದ ಹಿಂದೆ ಯಾರ ಮನೆಯ ದುಃಖವಿದೆ ಅಂತ ತಿಳಿದ ಮೇಲೆ ಇದನ್ನು ಶೋಕಿಯ ವಸ್ತು ಅನ್ನಲು ನಾಲಿಗೆ ಏಳುವುದಿಲ್ಲ.

ನಮ್ಮ ಕಾನೂನು ಮಾತ್ರ ಹೊಣೆಯನ್ನು ಎಂದೂ ಯಂತ್ರಕ್ಕೆ ಕೊಟ್ಟಿರಲಿಲ್ಲ. 1989ರ ರಸ್ತೆ ನಿಯಮಗಳಲ್ಲಿ ಹಿಂದಕ್ಕೆ ಚಲಿಸುವುದರ ಬಗ್ಗೆಯೇ ಒಂದು ನಿಯಮವಿತ್ತು. ಬೇರೆಯವರಿಗೆ ಅಪಾಯವಾಗದು ಅಂತ ಚಾಲಕ ಮೊದಲು ತಾನೇ ಖಾತ್ರಿ ಮಾಡಿಕೊಳ್ಳಬೇಕು, ಅಗತ್ಯಕ್ಕಿಂತ ಹೆಚ್ಚು ದೂರ ಹಿಂದೆ ಹೋಗಬಾರದು. ದೂರದ ವಿಷಯದಲ್ಲಿ ರೋಡ್ ರೋಲರಿಗೆ ಮಾತ್ರ ವಿನಾಯಿತಿ! ಆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸವು ಬಂದವು. ಆದರೆ "ತಾನೇ" ಅನ್ನುವ ಆ ಮಾತಿನ ತೂಕ ಹಾಗೇ ಇದೆ. ನಮ್ಮ ಗಾದೆಯೂ ಅದನ್ನೇ ಹೇಳುತ್ತದೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.

ನಮ್ಮ ಕಟ್ಟಡದಲ್ಲೇ ಇರುವ ವಿಜಯಪುರದ ಗೌಡರು ಇದನ್ನು ಒಪ್ಪಲಿಲ್ಲ. "ಎಲ್ಲಾ ನಾವ ನೋಡೂದಾದ್ರ ರೊಕ್ಕಾ ಕೊಟ್ಟು ಕ್ಯಾಮೆರಾ ಯಾಕ್ರೀ? ಲಿಫ್ಟಿನ್ಯಾಗ ಹತ್ತೋ ಮುಂದ ಹಗ್ಗಾ ಜಗ್ಗಿ ನೋಡ್ತೀರೇನು? ಡಾಕ್ಟರ್ ಕೊಟ್ಟ ಗುಳಿಗಿ ಒಡದು ನೋಡ್ತೀರೇನು? ನಂಬ್ಲಿಲ್ಲಂದ್ರ ಸಂಸಾರನಽ ನಡಿಯೂದಿಲ್ರಿ." ಮಾತು ಸುಳ್ಳಲ್ಲ. ಪರವೂರಿಗೆ ಬಂದವನ ಬದುಕಂತೂ ಕಾಣದವರ ಮೇಲಿನ ನಂಬಿಕೆಯಿಂದಲೇ ನಡೆಯುತ್ತದೆ. ಹಾಲಿನವನು, ಶಾಲೆಯ ಬಸ್ಸಿನವನು, ಅರ್ಧಂಬರ್ಧ ತಿಳಿಯುವ ಭಾಷೆಯ ಕಾಗದಕ್ಕೆ ಇಲ್ಲಿ ಸಹಿ ಹಾಕಿ ಅನ್ನುವವನು, ಎಲ್ಲರನ್ನೂ ನಂಬಲೇಬೇಕು.

ಆದರೂ ಗೌಡರ ಉದಾಹರಣೆಗಳಿಗೂ ನನ್ನ ಕ್ಯಾಮೆರಾಕ್ಕೂ ಒಂದು ವ್ಯತ್ಯಾಸವಿದೆ. ಲಿಫ್ಟನ್ನು ನಂಬಿದರೆ ಬೀಳುವವನು ನಾನು. ಗುಳಿಗೆ ನಂಬಿದರೆ ಕೆಡುವುದು ನನ್ನ ಹೊಟ್ಟೆ. ಕ್ಯಾಮೆರಾವನ್ನು ನಂಬಿ ಹಿಂದಕ್ಕೆ ಬಂದರೆ ಬಂಪರ್ ಕಂಬಕ್ಕೆ ತಾಗಬಹುದು. ಅದೂ ನನ್ನ ನಷ್ಟವೇ, ಬೇಕಾದರೆ ಆಡಿ ನೋಡಬಹುದಾದ ಜೂಜು. ಹಿಂದೆ ಸೈಕಲ್ ಬಿದ್ದು ಚೈನು ಹಾಕಿಕೊಳ್ಳುತ್ತಾ ಕೂತ ಮಗು ಇದ್ದರೆ, ನನ್ನ ನಂಬಿಕೆಗೆ ಬೆಲೆ ಕೊಡುವುದು ಅದು. ಆ ಮಗು ನನ್ನ ಕ್ಯಾಮೆರಾವನ್ನು ಆರಿಸಿರಲಿಲ್ಲ, ನಂಬಿಯೂ ಇರಲಿಲ್ಲ. ಎಷ್ಟು ನಂಬಬಹುದು ಅನ್ನುವುದಕ್ಕಿಂತ, ನಂಬಿಕೆ ಹುಸಿಯಾದರೆ ದಂಡ ಯಾರ ತಲೆಗೆ ಅಂತ ಮೊದಲು ಕೇಳಬೇಕು. ದಂಡ ನನ್ನದಾದರೆ ಧಾರಾಳವಾಗಿ ನಂಬಬಹುದು. ಬೇರೆಯವರದಾದರೆ ಎದ್ದು ಹೋಗಿ ನೋಡಬೇಕು. ಅವರ ಗಂಟನ್ನು ಒತ್ತೆಯಿಟ್ಟು ಆಡುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಗೌಡರು ಆ ದಿನ ಹೂಂ ಅನ್ನಲಿಲ್ಲ. ಯುಗಾದಿಗೆ ಊರಿಗೆ ಹೋಗಿ ಬಂದ ಮೇಲೆ ತಾವಾಗಿ ಮಾತು ತೆಗೆದರು. ಅವರ ತಂದೆ ಊರಲ್ಲಿ ಒಬ್ಬರೇ. ಮನೆಗೆ ಕ್ಯಾಮೆರಾ ಹಾಕಿಸಿದ್ದಾರೆ, ಪುಣೆಯಲ್ಲಿ ಕೂತು ಫೋನಿನಲ್ಲಿ ನೋಡುತ್ತಾರೆ. ಕಟ್ಟೆ, ಅಂಗಳ, ಮುಂಬಾಗಿಲು, ಎಲ್ಲ ಅಚ್ಚುಕಟ್ಟು. ಹೋಗಿ ನೋಡಿದರೆ ಮುದುಕರಿಗೆ ಮಂಡಿ ಹಿಡಿದು ಕಟ್ಟೆಯ ಮೆಟ್ಟಿಲು ಇಳಿಯಲಾಗದೆ ತಿಂಗಳುಗಳೇ ಆಗಿವೆ. ಅವರು ಕೂರುವುದು ಹಿತ್ತಲ ಬಾಗಿಲಲ್ಲಿ. ಅಲ್ಲಿಗೆ ಕ್ಯಾಮೆರಾ ಇಲ್ಲ. ಫೋನಿನಲ್ಲಿ ಕೇಳಿದಾಗೆಲ್ಲ "ಆರಾಮ ಅದೀನಿ ತಮ್ಮಾ" ಅನ್ನುತ್ತಿದ್ದರಂತೆ. "ಅಂಗಳಾ ಖಾಲಿ ಇತ್ತಲ್ರೀ, ನಾ ಅದನ್ನ ಛಲೋ ಸುದ್ದಿ ಅನ್ಕೊಂಡಿದ್ದೆ" ಅಂದರು.

ಹೊರಗೆ ಬದುಕುವ ನಾವೆಲ್ಲ ಈ ಅಂಗಳವನ್ನು ನೋಡುತ್ತಲೇ ಇರುತ್ತೇವೆ. ಹಿಂದೆ ಊರಿಂದ ಕಾಗದ ಬರದೆ ತಿಂಗಳಾದರೆ ಜನ ಚೀಲ ಹೆಗಲಿಗೇರಿಸಿ ರೈಲು ಹತ್ತುತ್ತಿದ್ದರು. ಅಲ್ಲೂ ಮೌನ ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಈಗ ಭಾನುವಾರದ ವಿಡಿಯೋ ಕಾಲ್ ಇದೆ, ಮುಖ ಕಾಣುತ್ತದೆ, ಮಾತು ಮುಗಿಯುತ್ತದೆ. ಇನ್ನು ಕೆಲವರಲ್ಲಿ ಊರಿನ ಚಿತ್ರ ತಾವು ಬಿಟ್ಟು ಬಂದ ವರ್ಷಕ್ಕೇ ನಿಂತಿದೆ. ಅಪ್ಪ ಇನ್ನೂ ಸೈಕಲ್ ತುಳಿಯುತ್ತಾರೆ, ಅವ್ವ ಇನ್ನೂ ಬಾವಿಯಿಂದ ನೀರು ಸೇದುತ್ತಾಳೆ. ರಿವರ್ಸ್ ಕ್ಯಾಮೆರಾದ ಅಗಲ ನೋಟದ ಗಾಜು ಹತ್ತಿರದ್ದನ್ನೂ ದೂರವಿದ್ದಂತೆ ತೋರಿಸುತ್ತದೆ, ಇನ್ನೂ ಜಾಗ ಇದೆ ಅನ್ನಿಸುತ್ತದೆ. ವರ್ಷಗಳ ವಿಷಯದಲ್ಲೂ ನಮಗೆ ಹಾಗೇ ಅನ್ನಿಸುತ್ತಿರುತ್ತದೆ. ಇಲ್ಲಿಯೂ ದಂಡ ಬೀಳುವುದು ನೋಡುವವನ ತಲೆಗಲ್ಲ.

ಕ್ಯಾಮೆರಾ ಇರಲಿ, ಫೋನೂ ಇರಲಿ. ತಿಂಗಳಿಗೊಮ್ಮೆ ಡಿಕ್ಕಿ ತೆರೆದು ಮುಚ್ಚಿ ಪರದೆ ಪರೀಕ್ಷಿಸುವುದೂ ಇರಲಿ. ಅವುಗಳ ಜೊತೆಗೆ ಕತ್ತು ತಿರುಗಿಸುವ ಅಭ್ಯಾಸವೂ ಉಳಿಯಬೇಕು. ಪುಣೆಯಿಂದ ವಿಜಯಪುರವಾಗಲಿ ಹಾವೇರಿಯಾಗಲಿ ಕಾರಿನಲ್ಲಿ ಒಂದು ಹಗಲಿನ ದಾರಿ. ಪಾರ್ಕಿಂಗಿನಲ್ಲಂತೂ ಇಪ್ಪತ್ತು ಹೆಜ್ಜೆ. ಆಯುಧಪೂಜೆಯ ದಿನ ಕಾರಿಗೆ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಆರತಿ ಹಿಡಿದು ಸುತ್ತು ಬರುತ್ತೇವಲ್ಲ, ಈಗ ಗೌಡರು ದಿನಾ ಬೆಳಿಗ್ಗೆ ಕೀ ಹಿಡಿದು ಅಂಥದೊಂದು ಸುತ್ತು ಬರುತ್ತಾರೆ. ಮರಾಠಿ ಹುಡುಗರು ಕಾಕಾ ಏನು ಮಾಡುತ್ತಿದ್ದೀರಿ ಅಂತ ಕೇಳಿದರೆ ಪ್ರದಕ್ಷಿಣೆ ಅನ್ನುತ್ತಾರೆ. ಹುಡುಗರು ನಕ್ಕು ಸೈಕಲ್ ಪಕ್ಕಕ್ಕೆ ತೆಗೆದುಕೊಳ್ಳುತ್ತಾರೆ.